ಕುರ್ಚಿ ಕೊಟ್ಟಿರಿ, ದಾರಿಯನ್ನೂ ಕೊಡಿ: ಮುಂಬೈಯ ಕನ್ನಡ ಸಂಘಟನೆಗಳಿಗೆ ಒಂದು ಬಹಿರಂಗ ಪತ್ರ

ಮುಂಬೈ, ಠಾಣೆ, ನವಿಮುಂಬೈ ಮತ್ತು ಡೊಂಬಿವಲಿ ಪರಿಸರದ ಕನ್ನಡ ಸಂಘಗಳ, ಸಮುದಾಯ ಸಂಘಟನೆಗಳ, ಭಜನಾ ಮಂಡಳಿಗಳ ಹಾಗೂ ಕಲಾ ಬಳಗಗಳ ಮಾನ್ಯ ಅಧ್ಯಕ್ಷರು, ಗೌರವ ಕಾರ್ಯದರ್ಶಿಗಳು ಮತ್ತು ವಿಶ್ವಸ್ತರಿಗೆ,

ಮಾನ್ಯರೇ,

ಸಾದರ ನಮಸ್ಕಾರಗಳು.

ಮನೆಯೊಳಗಿನ ಮಾತನ್ನು ಬೀದಿಗೆ ತರುವುದು ನನಗೆ ಇಷ್ಟವಿಲ್ಲದ ಕೆಲಸ. ಆದ್ದರಿಂದಲೇ ಮೊದಲು ಕೆಲವು ಪದಾಧಿಕಾರಿಗಳಲ್ಲಿ ಖುದ್ದಾಗಿ ಹೇಳಿಕೊಂಡೆ. ಅಂಗವಿಕಲರಿಗೆ ಗಾಲಿಕುರ್ಚಿ ಹಂಚಿದರಷ್ಟೇ ಸಾಲದು, ಅವರು ನಮ್ಮ ಸಭೆಗಳೊಳಗೆ ಬರುವ ದಾರಿಯನ್ನೂ ಮಾಡಿಕೊಡಿ ಎಂದು ಒಂದು ಸಂಘಕ್ಕೆ ಲಿಖಿತ ಮನವಿಯನ್ನೂ ಸಲ್ಲಿಸಿದೆ. ‘ಮುಂದಿನ ಸಮಿತಿ ಸಭೆಯಲ್ಲಿ ಇಡೋಣ’ ಎಂದರು. ಆ ಸಮಿತಿಯ ಅವಧಿ ಮುಗಿದು ಹೊಸ ಸಮಿತಿ ಬಂದಿದೆ. ಮನವಿ ಯಾವ ಕಡತದಲ್ಲಿ ಸೇರಿತೋ ಯಾರಿಗೂ ತಿಳಿಯದು. ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಯಾವ ಸಂಘದ ಹೆಸರನ್ನೂ ಎತ್ತುವುದಿಲ್ಲ. ನಾನು ಹೇಳಲಿರುವ ಕೊರತೆ ಯಾರೊಬ್ಬರದೂ ಅಲ್ಲ, ಬಹುಪಾಲು ಎಲ್ಲರದೂ ಹೌದು.

ನಾನು ಸಮಾಜಕಾರ್ಯ ಓದಿ, ಪೂರ್ವ ಉಪನಗರಗಳಲ್ಲಿ ಅಂಗವಿಕಲ ಮಕ್ಕಳು ಮತ್ತು ವಯಸ್ಕರ ನಡುವೆ ಕೆಲಸ ಮಾಡುತ್ತಿರುವವಳು. ಹುಟ್ಟಿ ಬೆಳೆದದ್ದು ಈ ನಗರದಲ್ಲೇ. ತಂದೆಯವರು ಹುಡುಗನಾಗಿದ್ದಾಗ ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಾ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದವರು. ನಮ್ಮ ಮನೆಯ ಅನ್ನದಲ್ಲಿ ನಿಮ್ಮ ಹಿರಿಯರ ಪಾಲಿದೆ. ಆ ಋಣದ ಅರಿವಿನಿಂದಲೇ ಈ ದೂರನ್ನು ಮುಂದಿಡುತ್ತಿದ್ದೇನೆ.

ಆ ರಾತ್ರಿ ಶಾಲೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಷನ್, 1927ರಲ್ಲಿ ಬಂಟರ ಸಂಘ ಹುಟ್ಟಿದ ನಗರವಿದು. ಬರಿಗೈಯಲ್ಲಿ ಬಂದ ಹುಡುಗರು ಹಗಲಿಡೀ ಹೋಟೆಲಿನಲ್ಲಿ ದುಡಿಯುತ್ತಿದ್ದುದನ್ನು ಆ ಕಾಲದ ಹಿರಿಯರು ಕಂಡರು. ವರ್ಷಕ್ಕೊಮ್ಮೆ ಅಂಗಿಬಟ್ಟೆ ಹಂಚಿ ಕೈತೊಳೆದುಕೊಳ್ಳಲಿಲ್ಲ. ಹಗಲು ಬಿಡುವಿಲ್ಲದವನಿಗೆ ರಾತ್ರಿಯೇ ಪಾಠ ಎಂದು ಶಾಲೆ ತೆರೆದರು. ಹುಡುಗನನ್ನು ಶಾಲೆಯ ವೇಳೆಗೆ ಬಗ್ಗಿಸಲಿಲ್ಲ. ಶಾಲೆಯ ವೇಳೆಯನ್ನೇ ಹುಡುಗನ ಬದುಕಿಗೆ ಹೊಂದಿಸಿದರು. ಇಂದು ಅಂಗವಿಕಲರ ಹಕ್ಕುಗಳ ಕಾಯ್ದೆ ಸಮಾಜದಿಂದ ಕೇಳುವುದೂ ಇದನ್ನೇ. ಮನುಷ್ಯನ ದೇಹ ಹೇಗಿದೆಯೋ ಹಾಗೆಯೇ ಇರಲಿ, ವ್ಯವಸ್ಥೆ ಅವನಿಗೆ ತಕ್ಕಂತೆ ಬದಲಾಗಲಿ ಎಂದು. ಕಾಯ್ದೆ ಬರುವುದಕ್ಕೆ ಎಷ್ಟೋ ದಶಕ ಮೊದಲೇ ಆ ಬುದ್ಧಿ ತೋರಿದ ಸಮಾಜ ಅಂಗವಿಕಲರ ವಿಷಯ ಬಂದಾಗ ಮಾತ್ರ ಹಂಚಿಕೆಯಲ್ಲೇ ನಿಂತುಬಿಟ್ಟಿದೆ. ಇದೇ ನನ್ನ ದೂರು.

ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಒಂದು ಸಂಸ್ಥೆಯ ವಾರ್ಷಿಕೋತ್ಸವ. ಸಭಾಗೃಹ ಮೊದಲ ಮಹಡಿಯಲ್ಲಿ. ಲಿಫ್ಟ್ ಇದೆ, ಆದರೆ ಗಾಲಿಕುರ್ಚಿ ಒಳಗೆ ಹೋಗುವಷ್ಟು ಅದರ ಬಾಗಿಲು ಅಗಲವಿಲ್ಲ. ಆ ದಿನ ‘ಉಚಿತ ಗಾಲಿಕುರ್ಚಿ ವಿತರಣೆ’ಗೆ ಬಂದವರಲ್ಲಿ ಮಾನ್‌ಖುರ್ದಿನ ಒಬ್ಬ ಹುಡುಗಿಯಿದ್ದಳು, ಒಂಬತ್ತು ವರ್ಷದವಳು. ಸೆರೆಬ್ರಲ್ ಪಾಲ್ಸಿಯಿಂದಾಗಿ ಕೈಕಾಲು ಬಿಗಿತ, ಕುಳಿತರೆ ಮೈ ಎಡಕ್ಕೆ ವಾಲುತ್ತದೆ. ತಂದೆ ತಾಯಿ ಯಾದಗಿರಿ ಜಿಲ್ಲೆಯಿಂದ ಗಾರೆ ಕೆಲಸಕ್ಕೆ ಬಂದವರು. ತಾಯಿ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಮೆಟ್ಟಿಲ ಮಧ್ಯೆ ಒಮ್ಮೆ ನಿಂತು ಉಸಿರು ತೆಗೆದುಕೊಂಡು ಮೇಲೆ ಬಂದಳು. ವೇದಿಕೆಗೆ ಮತ್ತೆ ಮರದ ಮೆಟ್ಟಿಲು. ಖಾಲಿ ಕುರ್ಚಿಯನ್ನು ಇಬ್ಬರು ಸ್ವಯಂಸೇವಕರು ಎತ್ತಿದರು, ಹುಡುಗಿಯನ್ನು ಇನ್ನೊಬ್ಬರು ಎತ್ತಿದರು. ಮುಖ್ಯ ಅತಿಥಿಗಳು ಅವಳಿಗೆ ಹಾರ ಹಾಕಿ, ಇಂಥ ಮಕ್ಕಳನ್ನು ನೋಡಿದಾಗ ನಮಗೆ ದೇವರು ಎಷ್ಟು ಕೊಟ್ಟಿದ್ದಾನೆ ಎಂಬುದು ತಿಳಿಯುತ್ತದೆ ಎಂದು ಧ್ವನಿವರ್ಧಕದಲ್ಲಿ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ಆ ಹುಡುಗಿಗೆ ಮಾತು ಸ್ಪಷ್ಟವಾಗಿ ಬರುವುದಿಲ್ಲ, ಆದರೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಅದು ವೇದಿಕೆಯ ಮೇಲಿದ್ದ ಯಾರಿಗೂ ಹೊಳೆಯಲಿಲ್ಲ.

ಅಷ್ಟಾದ ಮೇಲೆ ಯಕ್ಷಗಾನವಿತ್ತು. ಹಿಂದಿನ ಕೋಣೆಯಲ್ಲಿ ಚೆಂಡೆಗೆ ಶ್ರುತಿ ಮಾಡುತ್ತಿದ್ದ ಸದ್ದು ಕೇಳಿಯೇ ಅವಳ ಮುಖ ಅರಳಿತ್ತು. ಆಟ ನೋಡಬೇಕೆಂದು ತಾಯಿಯ ಸೆರಗು ಹಿಡಿದು ಹಟ ಮಾಡಿದಳು. ಸಾಲುಗಳ ನಡುವೆ ಗಾಲಿಕುರ್ಚಿ ನಿಲ್ಲಿಸಲು ಜಾಗವಿರಲಿಲ್ಲ. ಓಡಾಡುವ ದಾರಿಗೆ ಅಡ್ಡವಾಗುತ್ತದೆಂದು ಅದನ್ನು ಮಡಚಿ ಹೊರಗಿಟ್ಟರು. ಊಟದ ಪೊಟ್ಟಣ ಕೈಗಿತ್ತು, ‘ನಿಮಗೆ ತಡವಾಗುತ್ತದೆ’ ಎಂದು ಒಳ್ಳೆಯ ಮಾತಿನಲ್ಲೇ ಕಳಿಸಿಕೊಟ್ಟರು. ಕುರ್ಚಿ ಕೊಟ್ಟ ಸಭೆಯಲ್ಲಿ ಆ ಕುರ್ಚಿಗೇ ಸ್ಥಳವಿರಲಿಲ್ಲ.

ಯಾರೂ ಕೆಟ್ಟ ಮನಸ್ಸಿನಿಂದ ಹಾಗೆ ನಡೆದುಕೊಳ್ಳಲಿಲ್ಲ. ಹಣ ಕೊಟ್ಟ ದಾನಿಗಳ ಕಣ್ಣಲ್ಲಿ ನೀರಿದ್ದುದನ್ನೂ ಕಂಡಿದ್ದೇನೆ. ಆದರೆ ಒಳ್ಳೆಯ ಮನಸ್ಸಿನಿಂದ ಆದ ತಪ್ಪನ್ನು ತಪ್ಪೆಂದು ಹೇಳುವವರೇ ಇಲ್ಲದಿದ್ದರೆ ಅದು ವರ್ಷವರ್ಷವೂ ಕಾರ್ಯಕ್ರಮ ಪಟ್ಟಿಯಲ್ಲಿ ಮುಂದುವರಿಯುತ್ತದೆ, ಮುಂದುವರಿದೂ ಇದೆ.

ಆ ಕುರ್ಚಿಯ ಕತೆಯನ್ನೂ ಕೇಳಿ. ಅದರ ಆಸನ ದೊಡ್ಡವರ ಅಳತೆಯದು. ಹುಡುಗಿಯ ಪಾದ ಕಾಲೂರುವ ಹಲಗೆಗೆ ಎಟಕುವುದಿಲ್ಲ. ಬೆನ್ನಿಗೆ, ತಲೆಗೆ, ಪಕ್ಕೆಗೆ ಆಧಾರವಿಲ್ಲ. ಕೂರಿಸಿದ ಸ್ವಲ್ಪ ಹೊತ್ತಿಗೆ ಜಾರಿ ಮುಂದಕ್ಕೆ ಬರುತ್ತಾಳೆ. ಹೀಗೆ ವಾಲಿ ಕೂತರೆ ಬೆಳೆಯುವ ಮಗುವಿನ ಬೆನ್ನುಮೂಳೆ ಇನ್ನಷ್ಟು ಸೊಟ್ಟಾಗುವ ಅಪಾಯವಿದೆ. ಅವರ ಗಲ್ಲಿಯಲ್ಲಿ ಚರಂಡಿಯ ಮೇಲಿನ ಚಪ್ಪಡಿಗಳ ನಡುವೆ ಗಾಲಿ ಸಿಕ್ಕಿಕೊಳ್ಳುತ್ತದೆ. ಈಗ ಆ ಕುರ್ಚಿಯ ಮೇಲೆ ನೀರಿನ ಕ್ಯಾನುಗಳಿವೆ. ತಾಯಿ ಇವತ್ತಿಗೂ ಮಗಳನ್ನು ಎತ್ತಿಕೊಂಡೇ ಓಡಾಡುತ್ತಾಳೆ, ಅವಳ ಸೊಂಟನೋವಿಗೆ ಔಷಧಿ ನಡೆಯುತ್ತಿದೆ. ಗಾಲಿಕುರ್ಚಿಯೆಂದರೆ ಕನ್ನಡಕದಂತೆ: ಒಬ್ಬರ ಅಳತೆಯದು ಇನ್ನೊಬ್ಬರಿಗೆ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ, ಸೌಕರ್ಯ ಕಡಿಮೆಯಿರುವ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಗಾಲಿಕುರ್ಚಿ ಒದಗಿಸುವ ಕ್ರಮವನ್ನು ಎಂಟು ಹಂತಗಳಲ್ಲಿ ಹೇಳಿದೆ. ಅದರಲ್ಲಿ ವ್ಯಕ್ತಿಯ ಪರೀಕ್ಷೆ, ಅಳತೆಗೆ ಹೊಂದಿಸುವುದು, ಬಳಸಲು ಕಲಿಸುವುದು, ಆಮೇಲೆ ಬಂದು ವಿಚಾರಿಸುವುದು ಎಲ್ಲವೂ ಇದೆ. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶಜ್ಞಾನ ಹೋದವರಿಗೆ ಸರಿಯಾದ ಮೆತ್ತೆಯಿಲ್ಲದ ಕುರ್ಚಿ ಕೊಟ್ಟರೆ ಒತ್ತಡದ ಹುಣ್ಣಾಗುತ್ತದೆ. ನೋವೇ ತಿಳಿಯದ್ದರಿಂದ ಅದು ಮೂಳೆಯವರೆಗೂ ಇಳಿಯಬಹುದು, ನಂಜೇರಿ ಜೀವವನ್ನೇ ತೆಗೆಯಬಹುದು. ಹಾಜಿ ಅಲಿಯಲ್ಲಿ 1955ರಿಂದ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆಯಿದೆ. ಬಡವರಿಗೆ ಸಾಧನ ಸಲಕರಣೆ ಒದಗಿಸುವ ಕೇಂದ್ರದ ಆಡಿಪ್ ಯೋಜನೆ 1981ರಿಂದ ಇದೆ. ದಾನಿಗಳ ಹಣ ಹೆಚ್ಚು ಬೇಕಾಗಿರುವುದು ಕುರ್ಚಿಯ ಖರೀದಿಗಲ್ಲ. ಆ ಸಂಸ್ಥೆಯವರೆಗೆ ಕರೆದೊಯ್ಯುವ ಟ್ಯಾಕ್ಸಿಗೆ, ಅಂದು ತಪ್ಪಿದ ದಿನಗೂಲಿಗೆ, ಅರ್ಜಿ ತುಂಬಿಕೊಡುವ ಒಬ್ಬ ಜೊತೆಗಾರನಿಗೆ ಅದು ಬೇಕು. ಇಂಥ ಖರ್ಚಿಗೆ ಫಲಕದಲ್ಲಿ ಹೆಸರು ಬರೆಸಲಾಗುವುದಿಲ್ಲ, ನಿಜ.

ಇನ್ನು ಕಾನೂನಿನ ಮಾತು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಳೆಯ 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, ಇದರಲ್ಲಿ 21. ಈ ಕಾಯ್ದೆ ಸರ್ಕಾರಿ ಕಚೇರಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಹಲವು ಪದಾಧಿಕಾರಿಗಳು ನನ್ನೊಡನೆ ಹೇಳಿದ್ದಾರೆ. ಹಾಗಲ್ಲ. ಸಾರ್ವಜನಿಕ ಕಟ್ಟಡ ಎಂದರೆ ಏನೆಂದು ಅದರ ಎರಡನೆಯ ಕಲಮಿನಲ್ಲೇ ಹೇಳಿದೆ: ಸರ್ಕಾರದ್ದಿರಲಿ ಖಾಸಗಿಯದಿರಲಿ, ಸಾರ್ವಜನಿಕರು ಬಳಸುವ ಕಟ್ಟಡ, ಶಿಕ್ಷಣ, ವಾಣಿಜ್ಯ, ಧಾರ್ಮಿಕ, ಸಾಂಸ್ಕೃತಿಕ, ಮನರಂಜನೆಯ ಉದ್ದೇಶದ್ದೂ ಅದರಲ್ಲಿ ಸೇರುತ್ತದೆ. ನಿಮ್ಮ ಸಭಾಗೃಹ, ನಿಮ್ಮ ಮದುವೆ ಮಂಟಪ, ನಿಮ್ಮ ಶಾಲೆ, ನಿಮ್ಮ ಭಜನಾ ಮಂದಿರ ಎಲ್ಲವೂ ಅದರೊಳಗೆ ಬಂದವು. ಇರುವ ಸಾರ್ವಜನಿಕ ಕಟ್ಟಡಗಳಲ್ಲಿ ಪ್ರವೇಶದ ಸೌಕರ್ಯ ಮಾಡಿಕೊಳ್ಳಲು 45ನೆಯ ಕಲಮು ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷದ ಗಡುವು ಕೊಟ್ಟಿತ್ತು. ನಿಯಮಗಳು 2017ರ ಜೂನ್‌ನಲ್ಲಿ ಬಂದವು. ಗಡುವು 2022ರಲ್ಲೇ ಮುಗಿಯಿತು. ಕಾಯ್ದೆಯನ್ನು ಉಲ್ಲಂಘಿಸಿದರೆ ಮೊದಲ ಸಲಕ್ಕೆ ಹತ್ತು ಸಾವಿರ ರೂಪಾಯಿವರೆಗೆ, ಮತ್ತೆ ಉಲ್ಲಂಘಿಸಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡವೆಂದು 89ನೆಯ ಕಲಮು ಹೇಳುತ್ತದೆ. ಪ್ರವೇಶ ಸೌಕರ್ಯದ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯವಾಗಲೇಬೇಕು ಎಂದು ಸುಪ್ರೀಂ ಕೋರ್ಟು ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪು ಕೊಟ್ಟಿದೆ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ನಮ್ಮ ಸಂಘದ ಮೇಲೆ ನಮ್ಮವರೇ ದೂರು ಕೊಡುವ ದಿನ ಬಾರದಿರಲಿ ಎಂದು ಹೇಳುತ್ತಿದ್ದೇನೆ.

‘ಕಟ್ಟಡ ಹಳೆಯದು, ಏನು ಮಾಡಲಿ’ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹೊಸ ಲಿಫ್ಟ್ ಹಾಕಿಸುವುದು ಸಣ್ಣ ಖರ್ಚಲ್ಲ, ಪಾಲಿಕೆಯ ಅನುಮತಿ ಬೇರೆ ಬೇಕು. ಆದರೆ ಅದು ಆಗುವವರೆಗೆ ಕಾರ್ಯಕ್ರಮವನ್ನು ನೆಲಮಹಡಿಯಲ್ಲಿ ಇಟ್ಟುಕೊಳ್ಳಬಹುದಲ್ಲವೇ? ಸಭೆಯ ಎರಡು ಕಡೆ ಕೊನೆಯ ಕುರ್ಚಿಗಳನ್ನು ತೆಗೆದು ಗಾಲಿಕುರ್ಚಿಗೆ ಜಾಗ ಬಿಡಲು ಒಂದು ಪೈಸೆಯೂ ಬೇಡ. ಇಳಿಜಾರು ಕಟ್ಟಿಸುವಾಗ ಮಾತ್ರ ದಯವಿಟ್ಟು ತಿಳಿದವರನ್ನು ಕೇಳಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಜಾಗವಿಲ್ಲವೆಂದು ಮೂರು ಅಡಿಯಲ್ಲಿ ಮುಗಿಸಿದ, ಹಾಲಿನ ಕ್ರೇಟು ಎಳೆಯುವುದಕ್ಕಷ್ಟೇ ಆಗುವ ಇಳಿಜಾರುಗಳನ್ನು ನೋಡಿದ್ದೇನೆ. ಅದರ ಮೇಲೆ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಈ ನಗರದ ಪಾದಚಾರಿ ಮಾರ್ಗಗಳಲ್ಲಿ ಬೈಕು ತಡೆಯಲೆಂದು ನೆಟ್ಟ ಕಂಬಗಳು ಗಾಲಿಕುರ್ಚಿಯನ್ನೇ ತಡೆದವು, ಬಾಂಬೆ ಹೈಕೋರ್ಟು 2023ರಲ್ಲಿ ಅದನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಳ್ಳಬೇಕಾಯಿತು. ಬಳಸುವವರನ್ನು ಕೇಳದೆ ಕಟ್ಟಿದರೆ ಆಗುವುದು ಹೀಗೆಯೇ.

ಮೆಟ್ಟಿಲಿಗಿಂತ ದೊಡ್ಡ ಅಡ್ಡಿ ಇನ್ನೊಂದಿದೆ, ಅದನ್ನು ತೆಗೆಯಲು ನಿಮ್ಮಷ್ಟು ಅನುಕೂಲ ಬೇರೆ ಯಾರಿಗೂ ಇಲ್ಲ. ಅದು ಕಾಗದಪತ್ರದ್ದು.

ಮೇಲೆ ಹೇಳಿದ ಹುಡುಗಿಗೆ ಇನ್ನೂ ಅಂಗವೈಕಲ್ಯದ ಪ್ರಮಾಣಪತ್ರವಿರಲಿಲ್ಲ. ತಂದೆ ಕೂಲಿ ಬಿಟ್ಟು ಅವಳನ್ನು ಇಲ್ಲಿನ ಒಂದು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಿದ್ದ. ಆಧಾರ್ ಕಾರ್ಡಿನಲ್ಲಿ ಯಾದಗಿರಿಯ ವಿಳಾಸ ನೋಡಿ, ‘ನಿಮ್ಮ ಜಿಲ್ಲೆಗೆ ಹೋಗಿ ಮಾಡಿಸಿ’ ಎಂದು ಕಿಟಕಿಯಲ್ಲಿದ್ದವರು ಕಾಗದ ಹಿಂದಕ್ಕೆ ತಳ್ಳಿದರು. ಊರಿಗೆ ಹೋದರೆ, ‘ಚಿಕಿತ್ಸೆಯ ದಾಖಲೆ ಎಲ್ಲವೂ ಮುಂಬೈಯದು, ಅಲ್ಲೇ ಮಾಡಿಸಬೇಕಿತ್ತು’ ಎಂದರು. 2017ರ ನಿಯಮಗಳಲ್ಲಿ ಇದಕ್ಕೆ ಉತ್ತರ ಸ್ಪಷ್ಟವಾಗಿತ್ತು: ವಾಸದ ಜಿಲ್ಲೆಯಲ್ಲಿ ಅರ್ಜಿ ಹಾಕಬಹುದು, ಇಲ್ಲವೇ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯಲ್ಲೇ ಹಾಕಬಹುದು. ಒಮ್ಮೆ ಸಿಕ್ಕ ಪ್ರಮಾಣಪತ್ರ ಇಡೀ ದೇಶಕ್ಕೆ ಸಲ್ಲುತ್ತದೆಂದು ಕಾಯ್ದೆಯ 58ನೆಯ ಕಲಮು ಹೇಳುತ್ತದೆ. ಕಿಟಕಿಯ ಮುಂದೆ ನಿಂತ ಆ ತಂದೆಗೆ ಇದು ತಿಳಿದಿರಲಿಲ್ಲ. ತಿಳಿದಿದ್ದರೂ ಮರಾಠಿಯಲ್ಲೋ ಹಿಂದಿಯಲ್ಲೋ ವಾದ ಮಾಡುವಷ್ಟು ಭಾಷೆ ಅವನಲ್ಲಿರಲಿಲ್ಲ. ನಿಯಮಗಳ ಒಂದು ಪ್ರತಿಯನ್ನು ಹಿಡಿದುಕೊಂಡು ಮರಾಠಿ ಬಲ್ಲ ಒಬ್ಬರು ಪಕ್ಕದಲ್ಲಿ ನಿಂತಿದ್ದರೆ ಆ ಕೆಲಸ ಅಂದೇ ಆಗುತ್ತಿತ್ತು. ನಿಮ್ಮ ಸದಸ್ಯರಲ್ಲಿ ಎಷ್ಟು ಮಂದಿ ಪಾಲಿಕೆಯಲ್ಲಿ, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾಗಿದ್ದಾರೆ! ನಲವತ್ತು ವರ್ಷ ಇಲ್ಲಿನ ಕಚೇರಿಗಳ ಒಳಹೊರಗು ನೋಡಿದವರು ಅವರು.

ಊರಿನಲ್ಲಿ ಇದ್ದಿದ್ದರೆ ಈ ಕುಟುಂಬಕ್ಕೆ ಕೊನೆಯ ಪಕ್ಷ ಕೇಳುವವರೊಬ್ಬರು ಇರುತ್ತಿದ್ದರು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಕಾರ್ಯಕರ್ತರು ಇದ್ದಾರೆ, ಅವರಲ್ಲಿ ಬಹಳ ಮಂದಿ ಸ್ವತಃ ಅಂಗವಿಕಲರು. ಅವರ ಗೌರವಧನ ಕಡಿಮೆ, ಕೆಲಸ ಹೆಚ್ಚು, ಆ ವ್ಯವಸ್ಥೆಗೂ ನೂರು ಕೊರತೆಗಳಿವೆ. ಆದರೂ ಅರ್ಜಿ ಯಾರ ಕೈಗೆ ಕೊಡಬೇಕೆಂಬುದು ಹಳ್ಳಿಯವರಿಗೆ ಗೊತ್ತಿರುತ್ತದೆ. ರೈಲು ಹತ್ತಿ ಮುಂಬೈಗೆ ಬಂದೊಡನೆ ಆ ಎಳೆ ಕಡಿದುಹೋಗುತ್ತದೆ. ಇಲ್ಲಿನ ಸಂಜಯ ಗಾಂಧಿ ನಿರಾಧಾರ ಯೋಜನೆಯ ಮಾಸಾಶನಕ್ಕೆ ಮಹಾರಾಷ್ಟ್ರದಲ್ಲಿ ಹದಿನೈದು ವರ್ಷ ವಾಸವಿರಬೇಕು. ವರ್ಷದಲ್ಲಿ ಕೆಲವು ತಿಂಗಳು ಇಲ್ಲಿ, ಕೆಲವು ತಿಂಗಳು ಊರಿನಲ್ಲಿ, ಕಟ್ಟಡ ಮುಗಿದಂತೆ ಗುಡಿಸಲು ಬದಲಿಸುವವರು ಆ ವಾಸವನ್ನು ಯಾವ ಕಾಗದದಿಂದ ತೋರಿಸಬೇಕು? ಮಹಾರಾಷ್ಟ್ರ 2022ರಲ್ಲಿ ಅಂಗವಿಕಲರ ಕಲ್ಯಾಣಕ್ಕೆ ಪ್ರತ್ಯೇಕ ಇಲಾಖೆಯನ್ನೇ ಮಾಡಿತು, ಆಯುಕ್ತರ ಕಚೇರಿ ಪುಣೆಯಲ್ಲಿದೆ. ವಲಸೆ ಬಂದ ಅಂಗವಿಕಲ ಕಾರ್ಮಿಕರ ಈ ತೊಡಕನ್ನು ಅವರ ಮುಂದೆ ಮತ್ತು ಕರ್ನಾಟಕ ಸರ್ಕಾರದ ಮುಂದೆ ಒಟ್ಟಿಗೆ ಇಡಲು ಎರಡೂ ರಾಜ್ಯಗಳ ಮಂತ್ರಿಗಳನ್ನು ವೇದಿಕೆಗೆ ಕರೆಸಬಲ್ಲ ನಿಮ್ಮಿಂದ ಸಾಧ್ಯ. ನನ್ನಂಥವರ ಪತ್ರ ಆವಕ ವಿಭಾಗದಲ್ಲೇ ಉಳಿಯುತ್ತದೆ.

ಇನ್ನೊಬ್ಬ ಯುವಕನ ವಿಷಯ. ಕಲಬುರಗಿ ಕಡೆಯವನು, ಕಟ್ಟಡದ ಸಾರುವೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಮುಕಾದಮ ಸ್ವಲ್ಪ ಹಣ ಕೊಟ್ಟು, ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಕಟ್ಟಡ ಕಾರ್ಮಿಕರಿಗೆ 1996ರ ಕಾಯ್ದೆಯಡಿ ರಚನೆಯಾದ ಕಲ್ಯಾಣ ಮಂಡಳಿಯಿದೆ, ವರ್ಷದಲ್ಲಿ 90 ದಿನ ದುಡಿದವರು ನೋಂದಣಿ ಮಾಡಿಸಿಕೊಳ್ಳಬಹುದು ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಕೆಲಸದಲ್ಲಿ ಆದ ಗಾಯಕ್ಕೆ ಮಾಲೀಕನಿಂದ ಪರಿಹಾರ ಕೇಳಲು ಎರಡು ವರ್ಷದ ಅವಧಿಯಿರುತ್ತದೆ. ಅವನು ನನ್ನ ಕಣ್ಣಿಗೆ ಬಿದ್ದಾಗ ಆ ಅವಧಿ ಮೀರಿತ್ತು, ಬೆನ್ನಿನ ಕೆಳಗೆ ಅಂಗೈಯಗಲದ ಹುಣ್ಣಾಗಿತ್ತು. ನಿಮ್ಮ ಪ್ರತಿಯೊಂದು ಸಂಸ್ಥೆಯಲ್ಲೂ ವಕೀಲರಿದ್ದಾರೆ. ತಿಂಗಳಿಗೊಂದು ಭಾನುವಾರ ಅವರು ಮಾನ್‌ಖುರ್ದಿನಲ್ಲೋ ಧಾರಾವಿಯಲ್ಲೋ ಕುಳಿತಿದ್ದರೆ ಇಂಥ ಅರ್ಜಿಗಳು ಗಡುವಿನೊಳಗೆ ಹೋಗುತ್ತವೆ. ಇಲ್ಲಿ ಒಂದು ಕಹಿಮಾತನ್ನೂ ಹೇಳಬೇಕು. ಈ ನಗರದ ಕನ್ನಡ ಸಂಸ್ಥೆಗಳಲ್ಲಿ ಹೆಚ್ಚಿನವು ಕರಾವಳಿಯವರು ಕಟ್ಟಿ ಬೆಳೆಸಿದವು. ಕಲ್ಯಾಣ ಕರ್ನಾಟಕದ ಕೂಲಿಯವರಿಗೆ ಅವುಗಳ ಬಾಗಿಲು ಮುಚ್ಚಿಲ್ಲವಾದರೂ ಅದು ತಮ್ಮದೆಂದು ಅವರಿಗೆ ಅನ್ನಿಸಿಲ್ಲ. ಅವರ ಮನೆಯ ಅಂಗವಿಕಲ ಮಕ್ಕಳಿಗಂತೂ ಆ ಬಾಗಿಲು ಎಲ್ಲಿದೆಯೆಂದೇ ಗೊತ್ತಿಲ್ಲ.

ಭಾಷೆಯ ಕೆಲಸ ಇನ್ನೂ ಹತ್ತಿರದ್ದು. ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಮತ್ತು ಶ್ರವಣ ಸಂಸ್ಥೆ 1983ರಿಂದ ಇದೆ. ಹುಟ್ಟುಕಿವುಡು ಮಗುವಿಗೆ ಐದು ವರ್ಷದೊಳಗೆ ಒಳಗಿವಿಗೆ ಶ್ರವಣ ಸಾಧನ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಆಡಿಪ್ ಯೋಜನೆಯಲ್ಲೇ ನೆರವುಂಟು. ಆದರೆ ಶಸ್ತ್ರಚಿಕಿತ್ಸೆ ಆರಂಭ ಮಾತ್ರ. ಆಮೇಲೆ ಮನೆಯಲ್ಲಿ ದಿನವೂ ಮಗುವಿನೊಡನೆ ಹೇಗೆ ಮಾತಾಡಬೇಕು, ಯಾವ ಶಬ್ದವನ್ನು ಹೇಗೆ ಕೇಳಿಸಬೇಕು ಎಂಬುದನ್ನು ತಾಯಿ ಕಲಿಯಬೇಕು. ಪಾಠ ಹಿಂದಿಯಲ್ಲಿ ನಡೆದು ತಾಯಿಗೆ ಕನ್ನಡ ಮಾತ್ರ ಬರುತ್ತಿದ್ದರೆ ಅರ್ಧಕ್ಕರ್ಧ ಸೋರಿಹೋಗುತ್ತದೆ. ತಲೆಯಾಡಿಸಿ ಬರುವ ತಾಯಂದಿರನ್ನು ಕಂಡಿದ್ದೇನೆ. ಹೊರಗೆ ಬಂದು, ‘ಅವ್ವಾ, ಏನು ಹೇಳಿದರು?’ ಎಂದು ನನ್ನನ್ನು ಕೇಳುತ್ತಾರೆ. ನಿಮ್ಮ ಮಹಿಳಾ ವಿಭಾಗಗಳು ಒಂದಿಷ್ಟು ಜನರನ್ನು ದುಭಾಷಿಗಳಾಗಿ ಸಿದ್ಧಪಡಿಸಿ, ಫೋನಿನಲ್ಲಾದರೂ ಸಿಗುವಂತೆ ಮಾಡಿದರೆ ಅದು ನೂರು ಶಾಲುಹಾರಕ್ಕಿಂತ ಹೆಚ್ಚಿನ ಕನ್ನಡದ ಸೇವೆ. ನಮ್ಮ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ತಾಯಂದಿರಿಗೆ ಕನ್ನಡದಲ್ಲೇ ಪಾಠ ಹೇಳಿಕೊಡಲು ಏನು ಬೇಕೆಂದು ಅಲ್ಲಿನ ತಜ್ಞರನ್ನು ಕೇಳಲು ಸಂಘದ ಒಂದು ಪತ್ರ ಸಾಕು.

ನಿಮ್ಮಲ್ಲಿ ಹೋಟೆಲು ಉದ್ಯಮಿಗಳು ಬಹಳ. ಖಾಸಗಿ ಉದ್ಯಮಗಳಲ್ಲೂ ನೌಕರರ ಪೈಕಿ ಕನಿಷ್ಠ ಐದು ಶೇಕಡಾ ಮಂದಿ ಅಂಗವಿಕಲರಿರಲಿ, ಅಂಥ ಮಾಲೀಕರಿಗೆ ಸರ್ಕಾರ ಪ್ರೋತ್ಸಾಹ ಕೊಡಲಿ ಎಂದು ಕಾಯ್ದೆಯ 35ನೆಯ ಕಲಮು ಹೇಳುತ್ತದೆ. ಕಿವುಡರೇ ಬಡಿಸುವ ಹೋಟೆಲು ಈ ನಗರದಲ್ಲಿ ನಡೆದಿದೆ. ದೋಸೆಕಲ್ಲಿನ ಮುಂದೆ ನಿಲ್ಲುವವನಿಗೆ ಕಿವಿಗಿಂತ ಕಣ್ಣು ಮುಖ್ಯ. ಗಲ್ಲಾದ ಹಿಂದೆ ಕೂರುವವನಿಗೆ ನಡೆಯಲು ಬಾರದಿದ್ದರೂ ಲೆಕ್ಕ ಬಂದರೆ ಸಾಕು. ಕರುಣೆಯಿಂದ ಕೆಲಸ ಕೊಡಿ ಎಂದು ಕೇಳುವುದಿಲ್ಲ. ಸಂಬಳ ಇತರರಷ್ಟೇ ಇರಲಿ, ಕೆಲಸ ಸರಿಯಿಲ್ಲದಿದ್ದರೆ ಇತರರನ್ನು ಗದರುವಂತೆ ಗದರಿ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಹೇಳಿದರೆ ನಿಮ್ಮೆಲ್ಲರ ಕೈ ಎದೆಗೆ ಹೋಗುತ್ತದೆ. ಪಂಚಾಕ್ಷರಿ ಗವಾಯಿಗಳು ತಾವೇ ಕಣ್ಣಿಲ್ಲದವರು. ಕಣ್ಣಿಲ್ಲದ ಮಕ್ಕಳಿಗೆ ಕೊಟ್ಟದ್ದು ವಿದ್ಯೆ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂತು. ಅಲ್ಲಿ ಅಂಧರು ಗುರುಗಳಾದರು, ಆಶ್ರಮ ನಡೆಸಿದರು, ನಾಟಕ ಕಂಪನಿ ಕಟ್ಟಿದರು. ನಮ್ಮ ಕನ್ನಡನಾಡಿನಲ್ಲಿ ಇಷ್ಟು ದೊಡ್ಡ ಮೇಲ್ಪಂಕ್ತಿ ಇರುವಾಗ, ಮುಂಬೈಯ ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲಿ ಒಬ್ಬ ಅಂಗವಿಕಲರೂ ನನ್ನ ಕಣ್ಣಿಗೆ ಬಿದ್ದಿಲ್ಲ ಎಂಬುದು ನನಗೆ ನೋವಿನ ಸಂಗತಿ. ಅಂಥವರು ಇದ್ದರೆ ಹೇಳಿ, ಅವರನ್ನು ಕಂಡು ಮಾತಾಡಲು ನಾನೇ ಬರುತ್ತೇನೆ. ಅಂಗವಿಕಲರ ಹೆಸರಿನಲ್ಲಿ ಹಣ ಸಂಗ್ರಹಿಸುವ ಸಮಿತಿಯಲ್ಲಿ ಅವರದೇ ಒಂದು ಮತವಿಲ್ಲದಿರುವುದು ಸರಿಯೇ?

ನನ್ನ ಕೋರಿಕೆಗಳು ಮೇಲಿನ ಮಾತುಗಳಲ್ಲೇ ಇವೆ. ಆದರೂ ಸಮಿತಿಯ ಟಿಪ್ಪಣಿಗೆ ಬೇಕೆಂದು ಸ್ಪಷ್ಟವಾಗಿ ಬರೆಯುತ್ತೇನೆ. ಗಾಲಿಕುರ್ಚಿಯನ್ನು ವೇದಿಕೆಯ ಮೇಲೆ ಹಂಚುವ ಪದ್ಧತಿಯನ್ನು ಈ ವರ್ಷವೇ ನಿಲ್ಲಿಸಿ, ಆ ಹಣವನ್ನು ಅಳತೆಯ ಕುರ್ಚಿಗೆ ಮತ್ತು ಜೊತೆಗಾರರಿಗೆ ಮೀಸಲಿಡಿ. ಮಕ್ಕಳ ಫೋಟೋ ಪತ್ರಿಕೆಗೆ ಕೊಡುವ ಮುನ್ನ ತಂದೆತಾಯಿಯನ್ನು ಕೇಳಿ, ಮಗುವನ್ನೂ ಕೇಳಿ. ಹಲವು ಸಂಘಗಳು ಸೇರಿ ಒಂದೇ ಸಹಾಯ ಕೇಂದ್ರ ತೆರೆಯಿರಿ. ಪ್ರಮಾಣಪತ್ರ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್, ಮಾಸಾಶನ, ಅಪಘಾತ ಪರಿಹಾರದ ಅರ್ಜಿಗಳನ್ನು ಕನ್ನಡದಲ್ಲಿ ಕೇಳಿ ಮರಾಠಿಯಲ್ಲಿ ಬರೆದುಕೊಡುವ ಜಾಗ ಅದು. ಅದಕ್ಕೆ ಸಂಬಳದ ಮೇಲೆ ಒಬ್ಬ ಅಂಗವಿಕಲರನ್ನೇ ನೇಮಿಸಿ. ನಿಮ್ಮ ವಿದ್ಯಾರ್ಥಿವೇತನಗಳಲ್ಲಿ ಅಂಕಗಳ ಷರತ್ತನ್ನು ಅಂಗವಿಕಲ ಮಕ್ಕಳಿಗೆ ಸಡಿಲಿಸಿ, ವಿಶೇಷ ಶಾಲೆಯ ಮಕ್ಕಳನ್ನೂ ಸೇರಿಸಿ. ಇದು ಜನಗಣತಿಯ ಕಾಲ, 2027ರ ಮಾರ್ಚ್ 1 ಅದರ ಆಧಾರ ದಿನ. ಹಿಂದಿನ 2011ರ ಗಣತಿಯಲ್ಲಿ ದೇಶದಲ್ಲಿ 2.68 ಕೋಟಿ, ಮಹಾರಾಷ್ಟ್ರದಲ್ಲಿ 29 ಲಕ್ಷಕ್ಕೂ ಹೆಚ್ಚು ಅಂಗವಿಕಲರು ಲೆಕ್ಕಕ್ಕೆ ಸಿಕ್ಕಿದ್ದರು. ಮಗಳ ಮದುವೆಗೆ ಅಡ್ಡಿಯಾದೀತೆಂದು ಮಗನ ಬುದ್ಧಿಮಾಂದ್ಯವನ್ನು ಮುಚ್ಚಿಡುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಗಣತಿದಾರರಿಗೆ ಇದ್ದದ್ದನ್ನು ಇದ್ದಂತೆ ಹೇಳಿ ಎಂದು ನಿಮ್ಮ ವೇದಿಕೆಗಳಿಂದ ಹೇಳಿದರೆ ಜನ ಕೇಳುತ್ತಾರೆ. ನಾವು ಹೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. ಆ ದಿನದ ಕಾರ್ಯಕ್ರಮದ ಆಮಂತ್ರಣ ಪತ್ರ ಅಚ್ಚಾಗುವ ಮುನ್ನ ಗಾಲಿಕುರ್ಚಿ ಬಳಸುವವರೊಬ್ಬರನ್ನು, ದೃಷ್ಟಿಯಿಲ್ಲದವರೊಬ್ಬರನ್ನು, ಕಿವುಡರೊಬ್ಬರನ್ನು ನಿಮ್ಮ ಸಭಾಗೃಹಕ್ಕೆ ಕರೆದು ಬೀದಿಯ ಬಾಗಿಲಿನಿಂದ ಶೌಚಾಲಯದವರೆಗೆ ಸುತ್ತಾಡಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಕರೆದರೆ ಅವರನ್ನು ಜೊತೆಗೂಡಿಸಿಕೊಂಡು ಬರಲು ನಾನು ಸಿದ್ಧಳಿದ್ದೇನೆ. ಈ ಪತ್ರವನ್ನು ನಿಮ್ಮ ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಓದಿ, ಆಗುವುದನ್ನು ಆಗುತ್ತದೆಂದೂ ಆಗದ್ದನ್ನು ಏಕೆ ಆಗದೆಂದೂ ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,

ಅಂಗವಿಕಲರ ನಡುವೆ ದುಡಿಯುವ ಒಬ್ಬ ಸಮಾಜ ಕಾರ್ಯಕರ್ತೆ
ಚೆಂಬೂರು, ಮುಂಬೈ